ವಾಷಿಂಗ್ ಮಷಿನ್ ಸದ್ದು ಮಾಡ್ತಿದ್ರೆ ನೆಟ್‌ನಲ್ಲಿ ಸಿಕ್ಕ ನಂಬರ್‌ಗೆ ಫೋನ್ ಮಾಡ್ಬೇಡಿ, ಮೊದ್ಲು ಇದನ್ನ ಓದಿ

ಮನೇಲಿ ವಾಷಿಂಗ್ ಮಷಿನ್ ಸದ್ದು ಮಾಡೋಕೆ ಶುರು ಮಾಡಿದ್ರೆ ದಯವಿಟ್ಟು ಕಂಪನಿ ಹೆಸ್ರು ಹಾಕಿ ಸರ್ವಿಸ್ ಸೆಂಟರ್ ಅಂತ ನೆಟ್‌ನಲ್ಲಿ ಹುಡುಕಿ ಮೇಲುಗಡೆ ಕಾಣೋ ನಂಬರ್‌ಗೆ ಫೋನ್ ಮಾಡ್ಬೇಡಿ. ಬೆಂಗಳೂರಿನ ನಾಗರಬಾವಿಲಿರೋ ನಮ್ಮಪ್ಪ ಅಮ್ಮಂಗೆ ಆಗಿದ್ದು ಇನ್ಯಾರಿಗೂ ಆಗೋದು ಬೇಡ ಅಂತ ಬರೀತಿದೀನಿ, ಸ್ವಲ್ಪ ಉದ್ದ ಇದೆ, ಆದ್ರೂ ಪೂರ್ತಿ ಓದಿ, ಅದ್ರಲ್ಲೂ ನಿಮ್ಮ ಮನೇಲಿ ವಯಸ್ಸಾದವ್ರು ಇಬ್ರೇ ಇರೋದಾದ್ರೆ.

ಮಷಿನ್ ಏಳು ಕೆಜಿ ಫ್ರಂಟ್ ಲೋಡ್, 2019ರಲ್ಲಿ ತಗೊಂಡಿದ್ದು, ಇಷ್ಟು ವರ್ಷ ಒಂದು ತೊಂದ್ರೆ ಕೊಟ್ಟಿರ್ಲಿಲ್ಲ. ಇದ್ದಕ್ಕಿದ್ದಂಗೆ ಬಟ್ಟೆ ಒಗೀವಾಗ ಕರ್ ಕರ್ ಅಂತ ಬಿಟ್ಟು ಬಿಟ್ಟು ಸದ್ದು, ಸ್ಪಿನ್‌ಗೆ ಹೋದ್ರೆ ಕಿರ್ರ್ ಅಂತ ಪಕ್ಕದ್ಮನೆವ್ರು ಬಂದು ಕೇಳೋವಷ್ಟು. ಅಪ್ಪ ನೆಟ್‌ನಲ್ಲಿ ಸಿಕ್ಕಿದ ನಂಬರ್‌ಗೆ ಫೋನ್ ಮಾಡಿದ್ರು. ಫೋನ್ ಎತ್ತಿದ ಹುಡುಗಿ ಮೊದ್ಲು ಕೇಳಿದ್ದೇ "ಯಾವ ಕಂಪನಿ ಮಷಿನ್ ಸಾರ್?" ಅಂತ. ಇದನ್ನ ಎಲ್ರೂ ನೆನಪಲ್ಲಿ ಇಟ್ಕೊಳ್ಳಿ. ನಿಜವಾಗ್ಲೂ ಆ ಕಂಪನಿಯವ್ರೇ ಆಗಿದ್ರೆ ಈ ಪ್ರಶ್ನೆ ಯಾಕೆ ಕೇಳ್ತಾರೆ? ಒಂದೇ ಜಾಗದಲ್ಲಿ ಕೂತ್ಕೊಂಡು ಎಲ್ಲಾ ಕಂಪನಿ ಹೆಸ್ರಲ್ಲೂ ಜಾಹೀರಾತು ಹಾಕಿರ್ತಾರೆ, ಯಾವ ಹೆಸ್ರು ಹೇಳಿದ್ರೆ ಆ ಕಂಪನಿಯವ್ರು ಆಗಿಬಿಡ್ತಾರೆ. ಮೇಲುಗಡೆ ಬರೋದು ದುಡ್ಡು ಕೊಟ್ಟು ಹಾಕ್ಸಿದ ಜಾಹೀರಾತು ಇರ್ಬೋದು, ಮ್ಯಾಪ್‌ನಲ್ಲಂತೂ ಯಾರು ಬೇಕಾದ್ರೂ ಅಂಗಡಿ ಹೆಸ್ರು ಸೇರಿಸ್ಬೋದು, ಇರೋ ಅಂಗಡಿ ಫೋನ್ ನಂಬರ್ ಬದಲಾಯ್ಸಿ ಅಂತ ಸಜೆಸ್ಟ್ ಕೂಡ ಮಾಡ್ಬೋದು.

ಮಧ್ಯಾಹ್ನಕ್ಕೇ ಒಬ್ಬ ಬಂದ. ಕುತ್ತಿಗೇಲಿ ಟ್ಯಾಗು, ಕಂಪನಿ ಲೋಗೋ ಇರೋ ಟೀ ಶರ್ಟು. ಖಾಲಿ ಮಷಿನ್ನ ಸ್ಪಿನ್‌ಗೆ ಹಾಕಿ ಅರ್ಧ ನಿಮಿಷ ಕೇಳಿಸ್ಕೊಂಡ, ಆಫ್ ಮಾಡ್ದ, ಬಾಗಿಲ ಸುತ್ತ ಇರೋ ರಬ್ಬರ್ ಮಡಿಕೆ ಒಳಗೆ ಬೆರಳು ಹಾಕಿ ಕಪ್ಪಗೆ ಜಿಡ್ಡು ತೆಗ್ದು ಅಮ್ಮಂಗೆ ತೋರ್ಸಿ "ನೋಡಿ ಅಮ್ಮಾ, ಬೇರಿಂಗ್ ಗ್ರೀಸ್ ಲೀಕ್ ಆಗ್ತಿದೆ" ಅಂದ. ಅದು ಗ್ರೀಸ್ ಅಲ್ವೇ ಅಲ್ಲ. ಸೋಪು, ದಾರದ ನೂಲು, ತೇವ ಎಲ್ಲಾ ಸೇರಿ ಕಟ್ಟೋ ಪಾಚಿ ಅದು, ಯಾವ ಫ್ರಂಟ್ ಲೋಡ್ ಮಷಿನ್ನಲ್ಲಿ ಬೆರಳು ಹಾಕಿದ್ರೂ ಸಿಗುತ್ತೆ. ಡ್ರಮ್ ಸಲೀಸಾಗಿ ತಿರುಗ್ಲಿ ಅಂತ ಹಾಕಿರೋ ಬೇರಿಂಗ್ ಇರೋದು ಡ್ರಮ್ ಹಿಂದೆ, ಅದ್ರ ಗ್ರೀಸ್ ಮುಂದಿನ ರಬ್ಬರ್‌ಗೆ ಬರೋದು ಕಷ್ಟ.

ಆಮೇಲೆ ಲೆಕ್ಕ ಶುರುವಾಯ್ತು. ಡ್ರಮ್ ಹೋಗಿದೆ, ಬೇರಿಂಗ್ ಹೋಗಿದೆ, ಬೇರಿಂಗ್ ಲೋಡಿಗೆ ಮಷಿನ್ ನಡ್ಸೋ ಎಲೆಕ್ಟ್ರಾನಿಕ್ ಬೋರ್ಡೂ ಹೊಡ್ದಿದೆ, ಇನ್ನೊಂದ್ಸಲ ಆನ್ ಮಾಡಿದ್ರೆ ಶಾರ್ಟ್ ಆಗಿ ಬೆಂಕಿ ಹತ್ಕೊಳ್ಳುತ್ತೆ ಅಂತ ಹೆದರಿಸ್ದ. ಒಟ್ಟು 11,800, ಅಡ್ವಾನ್ಸ್ 5,000, ವಿಸಿಟಿಂಗ್ ಚಾರ್ಜು ಬೇರೆ. ಬೋರ್ಡ್ ಬಿಚ್ಚಿ ಪೇಪರ್‌ನಲ್ಲಿ ಸುತ್ತಿ ಬ್ಯಾಗಿಗೆ ಹಾಕ್ಕೊಂಡು, ವರ್ಕ್‌ಶಾಪ್‌ನಲ್ಲಿ ಚೆಕ್ ಮಾಡ್ಸಿ ನಾಳೆ ತರ್ತೀನಿ ಅಂತ ಹೊರಟುಹೋದ. ಬಿಲ್ ಇಲ್ಲ, ಯುಪಿಐ ಹೋಗಿದ್ದು ಯಾರೋ ವ್ಯಕ್ತಿ ಹೆಸ್ರಿಗೆ, ಕಂಪನಿ ಹೆಸ್ರಿಗಲ್ಲ.

ಇಲ್ಲಿ ಒಂದು ವಿಷ್ಯ ಹೇಳ್ಲೇಬೇಕು. ಸದ್ದಿಗೂ ಬೋರ್ಡ್‌ಗೂ ಸಂಬಂಧ ಇಲ್ಲ. ಬೋರ್ಡ್ ಹೋದ್ರೆ ಮಷಿನ್ ಆನ್ ಆಗಲ್ಲ, ಇಲ್ಲಾ ಮಧ್ಯದಲ್ಲಿ ನಿಂತ್ಬಿಡುತ್ತೆ, ಇಲ್ಲಾ ಡಿಸ್‌ಪ್ಲೇ ಮೇಲೆ ಎರರ್ ಕೋಡ್ ಬರುತ್ತೆ, ಕರಕರ ಅನ್ನಲ್ಲ. ಬೋರ್ಡ್ ಬಿಚ್ಕೊಂಡು ಹೋಗೋದು ಯಾಕೆ ಅಂದ್ರೆ ಅದಿಲ್ದೆ ಮಷಿನ್ ಸತ್ತ ಹಾಗೆ, ಬೇರೆ ಮೆಕ್ಯಾನಿಕ್ ಕರ್ಸೋಕೂ ಆಗಲ್ಲ, ಅವ್ನು ಕೇಳಿದಷ್ಟು ಕೊಡ್ಲೇಬೇಕು. ಹಾಗೇ ಆಯ್ತು. ನಾಳೆ ನಾಳೆ ಅಂತ ದಿನ ತಳ್ಳಿ, ಆಮೇಲೆ ಬೋರ್ಡ್ ಐಸಿ ಸುಟ್ಟಿದೆ ಇನ್ನೂ 6,500 ಹಾಕಿ ಅಂದ, ಆಗಲ್ಲ ಬೋರ್ಡ್ ವಾಪಸ್ ಕೊಡಪ್ಪ ಅಂದಿದ್ದಕ್ಕೆ ಎಪ್ಪತ್ತು ದಾಟಿರೋ ನಮ್ಮಪ್ಪನ ಮೇಲೆ ಏಕವಚನದಲ್ಲಿ ಕೂಗಾಡಿದಾನೆ. ನಂಗೆ ದುಡ್ಡಿಗಿಂತ ಹೊಟ್ಟೆ ಉರಿದಿದ್ದು ಅದಕ್ಕೆ. ಜೀವಮಾನ ಪೂರ್ತಿ ಯಾರ ಹತ್ರಾನೂ ಒಂದು ಮಾತು ಅನ್ನಿಸ್ಕೊಳ್ದೆ ಬದುಕಿದ ಮನುಷ್ಯ, ಅವತ್ತು ರಾತ್ರಿ ಊಟ ಮಾಡ್ಲಿಲ್ಲ ಅಂತ ಅಮ್ಮ ಹೇಳಿದ್ರು.

ವಿಷ್ಯ ನಂಗೆ ಗೊತ್ತಾಗಿದ್ದು ಆಗ್ಲೇ. ನಾನು ಫೋನ್ ಮಾಡಿ ಯುಪಿಐ ಐಡಿ, ಕಾಲ್ ರೆಕಾರ್ಡಿಂಗ್, ನಿನ್ನ ಫೋಟೋ ಎಲ್ಲಾ ಇದೆ, ಗೇಟ್ ಹತ್ರ ಸಿಸಿಟಿವಿ ಇದೆ, ಸೈಬರ್ ಕ್ರೈಮ್ ಸಹಾಯವಾಣಿ 1930ಕ್ಕೆ ಕಂಪ್ಲೇಂಟ್ ಕೊಟ್ಟು ಸ್ಟೇಷನ್‌ಗೆ ಹೋಗ್ತೀನಿ ಅಂದ್ಮೇಲೆ ಒಬ್ಬ ಹುಡುಗನ ಕೈಲಿ ಬೋರ್ಡ್ ಕಳ್ಸಿದ. ಅಡ್ವಾನ್ಸ್ ಕೊಡ್ಲಿಲ್ಲ, ಈಗ ನಂಬರ್ ಸ್ವಿಚಾಫ್.

ಆಮೇಲೆ ಮೂಡಲಪಾಳ್ಯದ ಕಡೆ ಚಿಕ್ಕ ಅಂಗಡಿ ಇಟ್ಕೊಂಡಿರೋ ಒಬ್ರು ಮೆಕ್ಯಾನಿಕ್‌ನ ನಮ್ಮ ಬೀದಿಯವ್ರು ಹೇಳಿ ಕರ್ಸಿದ್ರು. ಅವ್ರು ಬೋರ್ಡ್ ಕೂರ್ಸಿ, ಪ್ಲಗ್ ಕಿತ್ತು, ಬಾಗಿಲು ತೆಗ್ದು ಡ್ರಮ್‌ನ ಕೈಯಲ್ಲಿ ಮೆಲ್ಲಗೆ ತಿರುಗ್ಸಿದ್ರು, ಅಷ್ಟೇ. ಡ್ರಮ್ ಸಲೀಸಾಗಿ ತಿರುಗ್ತಿತ್ತು, ಆದ್ರೆ ಸುತ್ತಿನಲ್ಲಿ ಒಂದು ಕಡೆ ಬಂದಾಗ ಮಾತ್ರ ಕರ್ ಅನ್ನೋದು. ಡ್ರಮ್ ಅಂಚು ಹಿಡ್ದು ಮೇಲಕ್ಕೆ ಎತ್ತಿ ನೋಡಿದ್ರು, ಅಲುಗಾಟ ಇಲ್ಲ. "ಸಾರ್ ಬೇರಿಂಗ್ ಕಲ್ಲಿನ ಥರ ಇದೆ, ಒಳಗೇನೋ ಸಿಕ್ಕಿದೆ" ಅಂದ್ರು. ಹಿಂದಿನ ಶೀಟ್ ಬಿಚ್ಚಿ, ಡ್ರಮ್ ಸುತ್ತ ನೀರು ನಿಲ್ಲೋ ಟಬ್ ಕೆಳಗಡೆ ಇರೋ ಹೀಟರ್ ಈಚೆ ಎಳ್ದು, ಆ ತೂತಿನಿಂದ ಟಾರ್ಚ್ ಬಿಟ್ಟು ನೋಸ್ ಪ್ಲೈಯರ್‌ನಲ್ಲಿ ಹಿಡ್ದು ಎಳೆದ್ರೆ ಬಂದಿದ್ದು ಬ್ರಾ ಒಳಗಿರುತ್ತಲ್ಲ ಅರ್ಧ ಚಂದ್ರದ ಹಾಗಿರೋ ಕಂಬಿ, ಅದು. ಒಂದು ತುದಿ ಡ್ರಮ್‌ಗೆ ಉಜ್ಜಿ ಉಜ್ಜಿ ಸವೆದು ಚೂಪಾಗಿ ಬೆಳ್ಳಗೆ ಹೊಳೀತಿತ್ತು. ಇಷ್ಟೇ ಕಂಬಿಗೆ ಹನ್ನೆರಡು ಸಾವಿರದ ಹತ್ರ ಲೆಕ್ಕ ಹೇಳಿದ್ದ ಅವ್ನು.

ಹೀಟರ್ ನೋಡಿದ್ರೆ ಇನ್ನೊಂದು ಗಾಬರಿ. ರಾಡ್ ಮೇಲೆ ಬೆಳ್ಳಗೆ ಗಟ್ಟಿ ಪದರ, ಉಗುರಲ್ಲಿ ಕೆರೆದ್ರೆ ಚಕ್ಕೆ ಚಕ್ಕೆ ಉದುರ್ತಿತ್ತು. ನಮ್ಮ ಕಡೆ ಕಾವೇರಿ ನೀರು ದಿನಾ ಬರಲ್ಲ, ಮಿಕ್ಕಿದ್ದು ಬೋರ್‌ವೆಲ್, 2024ರ ಬೇಸಿಗೇಲಿ ಬೋರ್ ಬತ್ತಿದಾಗ ಟ್ಯಾಂಕರೇ ಗತಿ ಆಗಿತ್ತು, ಆ ಗಡಸು ನೀರು ಬಿಸಿಯಾದಾಗ ಉಪ್ಪೆಲ್ಲಾ ಹೀಟರ್‌ಗೆ ಕಟ್ಕೊಳ್ಳುತ್ತೆ. ಉದುರಿದ ಚಕ್ಕೆ ಪಂಪಿಗೆ ಹೋಗಿ ಅಲ್ಲಿ ಬೇರೆ ಕಟಕಟ ಅನ್ನುತ್ತೆ. ಡ್ರಮ್ ಹಿಂದೆ ಅಲ್ಯೂಮಿನಿಯಂದು ಮೂರು ಕಾಲಿನ ಸ್ಪೈಡರ್ ಅಂತ ಇರುತ್ತೆ, ಅದಕ್ಕೂ ಸೋಪು ಮತ್ತೆ ಈ ನೀರು ಸೇರಿ ತುಕ್ಕು ತಿನ್ನುತ್ತೆ, ಅದು ಬಿರುಕು ಬಿಟ್ರೆ ಡ್ರಮ್ ಓಲಾಡಿ ಧಡ್ ಧಡ್ ಅನ್ನುತ್ತೆ, ಆಗ ಮಷಿನ್ ಓಡಿಸ್ಲೇಬಾರ್ದು. ನಮ್ದು ಸದ್ಯ ಗಟ್ಟಿ ಇದೆ ಅಂದ್ರು. ಆ ಬಿಳಿ ಪದರ ಕರಗ್ಸೋ ಡೀಸ್ಕೇಲಿಂಗ್ ಪೌಡರ್ ಹಾಕಿ ಬಟ್ಟೆ ಇಲ್ದೆ ಬಿಸಿನೀರಲ್ಲಿ ಆಗಾಗ ಓಡಿಸಿ ಅಂತ ಹೇಳಿ, ಕಂಬಿ ತೆಗ್ದು ಹೀಟರ್ ಕ್ಲೀನ್ ಮಾಡಿದ್ದಕ್ಕೆ 700 ತಗೊಂಡ್ರು.

ಅವ್ರು ಕೆಲ್ಸ ಮಾಡ್ತಾ ಹೇಳಿದ್ದು, ನಾನು ಕೇಳಿ ತಿಳ್ಕೊಂಡಿದ್ದು ಇಲ್ಲಿ ಬರೀತಿದೀನಿ, ಯಾರಾದ್ರೂ ಬಂದು ಬೇರಿಂಗ್ ಅಂದ್ರೆ ನೀವೇ ನೋಡ್ಬೋದು. ಮೊದ್ಲು ಪ್ಲಗ್ ಕೀಳಿ, ಸ್ವಿಚ್ ಆಫ್ ಸಾಲ್ದು. ಕೈಯಲ್ಲಿ ಡ್ರಮ್ ತಿರುಗ್ಸಿ. ಬೇರಿಂಗ್ ಹೋಗಿದ್ರೆ ಸುತ್ತು ಪೂರ್ತಿ ಒಂದೇ ಸಮ ಗರಗರ ಅನ್ನುತ್ತೆ, ಸ್ಪಿನ್‌ನಲ್ಲಿ ವೇಗ ಏರಿದ ಹಾಗೆ ಗುಂ ಅಂತ ಏರ್ತಾ ಹೋಗುತ್ತೆ, ಡ್ರಮ್ ಅಂಚು ಎತ್ತಿದ್ರೆ ಅಲುಗಾಟ ಸಿಗುತ್ತೆ, ಬೇರಿಂಗ್ ಮುಂದಿರೋ ಸೀಲ್ ಹೋಗಿದ್ರೆ ಡ್ರಮ್ ಹಿಂದೆ ಇಲ್ಲಾ ಮಷಿನ್ ಕೆಳಗೆ ತುಕ್ಕು ಬಣ್ಣದ ನೀರಿನ ಕಲೆ ಕಾಣ್ಬೋದು. ಒಂದೇ ಜಾಗದಲ್ಲಿ ಬಿಟ್ಟು ಬಿಟ್ಟು ಕೆರೆದ ಹಾಗಿದ್ರೆ ಕಂಬಿ, ಸೇಫ್ಟಿ ಪಿನ್, ನಾಣ್ಯ ಇಂಥದ್ದೇನೋ ಡ್ರಮ್‌ಗೂ ಟಬ್‌ಗೂ ಮಧ್ಯ ಸಿಕ್ಕಿರುತ್ತೆ. ನೀರು ಹೊರಗೆ ಹಾಕುವಾಗ ಮಾತ್ರ ಸದ್ದಾದ್ರೆ ಪಂಪು. ಅದ್ರ ಫಿಲ್ಟರ್ ಮುಂದೆ ಕೆಳಗಡೆ ಮೂಲೇಲಿ ಚಿಕ್ಕ ಮುಚ್ಚಳದ ಹಿಂದಿರುತ್ತೆ, ಬಿಸಿನೀರಲ್ಲಿ ಒಗೆದಿದ್ರೆ ಆರೋವರೆಗೂ ಮುಟ್ಬೇಡಿ, ಅಗಲ ತಟ್ಟೆ ಇಟ್ಟು ಮೆಲ್ಲಗೆ ತಿರುಗ್ಸಿ ಬಿಚ್ಚಿ, ಸುಮಾರು ನೀರು ಬರುತ್ತೆ. ಒಳಗೆ ಸಣ್ಣ ಫ್ಯಾನ್ ಕಾಣುತ್ತೆ, ಬೆರಳಲ್ಲಿ ತಿರುಗ್ಸಿದ್ರೆ ಅದು ತಡೆದು ತಡೆದು ತಿರುಗುತ್ತೆ, ಒಳಗಿರೋ ಮ್ಯಾಗ್ನೆಟ್‌ನಿಂದ ಹಾಗೆ, ಅದು ಮಾಮೂಲಿ, ಅಷ್ಟಕ್ಕೇ ಪಂಪ್ ಜಾಮ್ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಸ್ಪಿನ್‌ನಲ್ಲಿ ಮಷಿನ್ನೇ ಕುಣಿದು ಜಾಗ ಬಿಟ್ಟು ಬರ್ತಿದ್ರೆ ಮೊದ್ಲು ನೆಲ ನೋಡಿ. ನಮ್ಮ ಬೆಂಗಳೂರಿನ ಮನೆಗಳಲ್ಲಿ ಮಷಿನ್ ಇಡೋದು ಯುಟಿಲಿಟೀಲಿ, ಅಂದ್ರೆ ಪಾತ್ರೆ ಬಟ್ಟೆ ತೊಳೆಯೋ ಜಾಗದಲ್ಲಿ, ಅಲ್ಲಿ ನೀರು ಹರಿದು ಹೋಗ್ಲಿ ಅಂತ ನೆಲ ಇಳಿಜಾರಾಗೇ ಹಾಕಿರ್ತಾರೆ, ಜೊತೆಗೆ ಗಾಲಿ ಇರೋ ಸ್ಟ್ಯಾಂಡ್ ಬೇರೆ. ಕಾಲುಗಳನ್ನ ತಿರುಗ್ಸಿ ನಾಲ್ಕೂ ನೆಲ ಕಚ್ಚೋ ಹಾಗೆ ಮಟ್ಟ ಮಾಡಿ, ನಟ್ ಬಿಗಿ ಮಾಡಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ಹೊಸ ಮಷಿನ್ ಮೊದಲ್ನೇ ದಿನಾನೇ ಎಗರಾಡ್ತಿದ್ರೆ ಸಾಗಿಸುವಾಗ ಡ್ರಮ್ ಅಲುಗದ ಹಾಗೆ ಹಿಂದೆ ಹಾಕಿರೋ ಟ್ರಾನ್ಸಿಟ್ ಬೋಲ್ಟ್ ತೆಗ್ದಿಲ್ದೇ ಇರ್ಬೋದು. ಮಟ್ಟ ಸರಿಯಿದ್ದೂ ಕುಣಿದ್ರೆ ಶಾಕ್ ಅಬ್ಸಾರ್ಬರ್, ಟಾಪ್ ಲೋಡ್ ಆದ್ರೆ ಟಬ್ ನೇತಾಡೋ ಸಸ್ಪೆನ್ಷನ್ ರಾಡ್. ಇದು ಬದಲಾಯ್ಸೋ ಅಂಥದ್ದೇ, ಆದ್ರೆ ಡ್ರಮ್ ಬದಲಾಯ್ಸೋ ಖರ್ಚಿನ ಹತ್ರಕ್ಕೂ ಬರಲ್ಲ.

ನಿಜವಾಗ್ಲೂ ಬೇರಿಂಗೇ ಹೋಗಿದ್ರೆ ಟಬ್ ಬೋಲ್ಟ್ ಹಾಕಿದ್ದೋ ಅಂಟ್ಸಿದ್ದೋ ಕೇಳಿ. ಬೋಲ್ಟ್‌ದಾದ್ರೆ ಬಿಚ್ಚಿ ಬೇರಿಂಗ್, ಸೀಲ್ ಮಾತ್ರ ಹಾಕ್ಬೋದು, ಅಂಟ್ಸಿದ್ದಾದ್ರೆ ಕತ್ತರಿಸ್ಬೇಕು ಇಲ್ಲಾ ಪೂರ್ತಿ ಟಬ್ ಹಾಕ್ಬೇಕು, ಅದಕ್ಕೆ ಖರ್ಚು ಜಾಸ್ತಿ ಆಗುತ್ತೆ. ಬೇರಿಂಗ್ ಮೇಲೆ 6205, 6206 ಥರ ನಂಬರ್ ಇರುತ್ತೆ, ಹಳೇದನ್ನ ನಿಮ್ ಕೈಗೆ ಕೊಡೋಕೆ ಹೇಳಿ. ಮೋಟಾರ್ ಹೋಗಿದೆ ಅಂದ್ರೆ ವಾರಂಟಿ ಕಾರ್ಡ್ ತೆಗ್ದು ನೋಡಿ, ಇನ್ವರ್ಟರ್ ಮೋಟಾರ್‌ಗೆ 10 ವರ್ಷ ಕೊಟ್ಟಿರೋದು ತುಂಬಾ ಮಷಿನ್ನಲ್ಲಿದೆ.

ಕಂಪನಿ ನಂಬರ್ ಬೇಕಾದ್ರೆ ವಾರಂಟಿ ಕಾರ್ಡ್, ಮ್ಯಾನ್ಯುಯಲ್, ಮಷಿನ್ ಮೇಲಿನ ಸ್ಟಿಕರ್ ಇಷ್ಟರಲ್ಲೇ ನೋಡಿ. ಅಲ್ಲಿ ಕಂಪ್ಲೇಂಟ್ ಹಾಕಿದ್ರೆ ಸಾಮಾನ್ಯವಾಗಿ ಮೆಸೇಜ್‌ನಲ್ಲಿ ಕಂಪ್ಲೇಂಟ್ ನಂಬರ್ ಬರುತ್ತೆ, ಬಂದವ್ರ ಹತ್ರ ಆ ನಂಬರ್ ಕೇಳಿ, ಹೇಳದಿದ್ರೆ ಗೇಟಿಂದಾನೇ ವಾಪಸ್ ಕಳ್ಸಿ. ಬುಕ್ಕಿಂಗ್‌ಗೆ ಹತ್ತು ರೂಪಾಯಿ ಹಾಕಿ ಅಂತ ಲಿಂಕ್ ಕಳ್ಸಿದ್ರೆ, ವಾಟ್ಸಾಪ್‌ನಲ್ಲಿ ಯಾವುದೋ ಆ್ಯಪ್ ಕಳ್ಸಿ ಇನ್‌ಸ್ಟಾಲ್ ಮಾಡಿ ಅಂದ್ರೆ ತಕ್ಷಣ ಫೋನ್ ಕಟ್ ಮಾಡಿ, ಅಲ್ಲಿ ಹೋಗೋದು ಅಡ್ವಾನ್ಸ್ ಅಲ್ಲ, ಬ್ಯಾಂಕ್‌ನಲ್ಲಿರೋದೆಲ್ಲಾ. ಏನೇ ಆದ್ರೂ ಮಷಿನ್ ಪಾರ್ಟ್ ಮನೆಯಿಂದ ಆಚೆ ಹೋಗೋಕೆ ಬಿಡ್ಬೇಡಿ, ಹೋಗ್ಲೇಬೇಕಾದ್ರೆ ಬಿಲ್‌ನಲ್ಲಿ ಪಾರ್ಟ್ ನಂಬರ್ ಬರೆಸ್ಕೊಂಡು, ಫೋಟೋ ತೆಗ್ದು ಕಳ್ಸಿ.

ದುಡ್ಡು ಹೋಗಿದ್ರೆ ತಡ ಮಾಡ್ದೆ 1930, ಇಲ್ಲಾ ಸೈಬರ್ ಕ್ರೈಮ್ ಪೋರ್ಟಲ್. ಬಿಲ್ಲು, ಸರ್ವಿಸ್ ತಕರಾರಿಗೆ ಗ್ರಾಹಕರ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡ್ಬೋದು. ನಾವು 1930ಕ್ಕೆ ಕೊಟ್ಟಿದ್ದಕ್ಕೆ ನಂಬರ್ ಬಂದಿದೆ, 5,000 ಇನ್ನೂ ಬಂದಿಲ್ಲ, ಆ ಜಾಹೀರಾತನ್ನ ರಿಪೋರ್ಟ್ ಮಾಡಿದೀವಿ, ಅದು ಹೋಗಿ ಬೇರೆ ಹೆಸ್ರಲ್ಲಿ ಇನ್ನೊಂದು ಬಂದಿದೆ. ನಾಗರಬಾವಿ, ಚಂದ್ರಾ ಲೇಔಟ್, ವಿಜಯನಗರ ಕಡೆ ಯಾರಿಗಾದ್ರೂ ಹೀಗೇ ಬೋರ್ಡ್ ಬಿಚ್ಕೊಂಡು ಹೋಗಿ ದುಡ್ಡು ಕೇಳ್ತಿದ್ರೆ ಸುಮ್ನೆ ಕೊಟ್ಟು ಬಿಡ್ಬೇಡಿ, ಯುಪಿಐ ಸ್ಕ್ರೀನ್‌ಶಾಟ್, ಬಂದವನ ಫೋಟೋ ಇಟ್ಕೊಂಡು ನೀವೂ ಕಂಪ್ಲೇಂಟ್ ಕೊಡಿ, ಒಂದೇ ಐಡಿ ಮೇಲೆ ನಾಲ್ಕು ಜನದ್ದು ಬಿದ್ರೆ ಪೊಲೀಸ್ರಿಗೂ ಹಿಡಿಯೋಕೆ ಸುಲಭ.