ಕೊರಿಯರ್ ಡಬ್ಬಕ್ಕೆ ತೋಟಾ ಹಾಕಬೇಡಿ, ಹಾಕುವವರಿಗೆ ನಿಮ್ಮ ಹೆಸರು ಕೊಡಬೇಡಿ

ಕೊಡಗಿನಲ್ಲಿ ನೆಂಟರಿರುವವರು, ಮನೆಯಲ್ಲಿ ಲೈಸೆನ್ಸಿನ ಕೋವಿ ಇರುವವರು ದಯವಿಟ್ಟು ಓದಿ. ಕೋವಿಯ ತೋಟಾ ಇದ್ದ ಪಾರ್ಸೆಲ್ ಒಂದರ ಮೇಲೆ ಕಳಿಸಿದವರ ಜಾಗದಲ್ಲಿ ನನ್ನ ಹೆಸರಿತ್ತು. ಕಟ್ಟಿದವನು ನಾನಲ್ಲ, ಒಳಗೇನಿದೆ ಅಂತ ನನಗೆ ಗೊತ್ತೂ ಇರಲಿಲ್ಲ. ಪೊಲೀಸರು ಬಂದದ್ದು ಮಾತ್ರ ನನ್ನ ಮನೆಗೇ.

ನನ್ನ ಹೆಂಡತಿಯ ಅಣ್ಣನದು ಮಡಿಕೇರಿ ಕಡೆ ಜಮ್ಮಾ ಜಮೀನು, ಅಂದರೆ ಕೊಡಗಿನಲ್ಲಿ ತಲೆಮಾರಿನಿಂದ ಬರುವ ಹಿಡುವಳಿ. ಕೋವಿಗೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಇದೆ. ಅವರ ಮಗ, ಅಂದರೆ ನನಗೆ ಅಳಿಯ, ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ತನ್ನ ಕೋವಿಯನ್ನು ಕಾಗದಪತ್ರ ಸಮೇತ ಕಾರಿನಲ್ಲೇ ಒಯ್ದಿದ್ದ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯಲು ತಂದಿದ್ದ ಹನ್ನೆರಡು ಬೋರಿನ ತೋಟಾಗಳಲ್ಲಿ ಒಂದಿಷ್ಟು ಊರಿನಲ್ಲಿ ಉಳಿದಿದ್ದವು. "ಅಪ್ಪಾ, ಕಾಫಿಪುಡಿ ಕಳಿಸುವಾಗ ಅದನ್ನೂ ಹಾಕಿಬಿಡಿ" ಅಂದಿದ್ದಾನೆ ಅಳಿಯ. ಅಮೆರಿಕದಲ್ಲಿ ಜನ ಪಾರ್ಸೆಲ್‌ನಲ್ಲಿ ಗುಂಡು ತರಿಸಿಕೊಳ್ಳುವ ವಿಡಿಯೋ ನೋಡಿ ಬಂದ ಧೈರ್ಯ ಅದು. ಅಲ್ಲೂ ಸರ್ಕಾರಿ ಅಂಚೆ ತೋಟಾ ಮುಟ್ಟುವುದಿಲ್ಲ. ಖಾಸಗಿ ಕಂಪನಿಗಳು ತಮ್ಮ ಷರತ್ತಿಗೆ ಒಪ್ಪಿದವರಿಂದ ಮಾತ್ರ ತಗೊಂಡು ರಸ್ತೆ ಮೇಲೆ ಸಾಗಿಸುತ್ತವೆ. ವಿಡಿಯೋದಲ್ಲಿ ಅದನ್ನೆಲ್ಲ ಯಾರು ಹೇಳುತ್ತಾರೆ?

ಭಾವ ಆಸ್ಪತ್ರೆ ಕೆಲಸಕ್ಕೆ ಮೈಸೂರಿಗೆ ಬಂದವರು ಡಬ್ಬವನ್ನೂ ತಂದು ಇಲ್ಲಿನ ಕೊರಿಯರ್ ಅಂಗಡಿಯೊಂದಕ್ಕೆ ಕೊಟ್ಟಿದ್ದಾರೆ. ಅವರು ಮುಚ್ಚಿಡುವ ಪೈಕಿ ಅಲ್ಲ. "ಇದರಲ್ಲಿ ಕೋವಿ ತೋಟಾ ಉಂಟು, ತೊಂದರೆ ಇಲ್ಲ ಅಲ್ವಾ?" ಅಂತ ಕೇಳಿಯೇ ಕೊಟ್ಟದ್ದು. ಕೌಂಟರಿನ ಹುಡುಗ, "ಏನೂ ಆಗಲ್ಲ ಸಾರ್, ಸ್ಪೇರ್ ಪಾರ್ಟ್ಸ್ ಅಂತ ಹಾಕ್ತೀನಿ. ಲೋಕಲ್ ಅಡ್ರೆಸ್, ನಂಬರ್ ಕೊಡಿ" ಅಂದನಂತೆ. ತೋಟದಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಭಾವ ನನ್ನ ಹೆಸರು, ನನ್ನ ನಂಬರ್ ಬರೆಸಿಬಿಟ್ಟರು.

ಮೊದಲು ಬಂದದ್ದು ಫೋನ್. "ನಿಮ್ಮ ಪಾರ್ಸೆಲ್‌ನಲ್ಲಿ ನಿಷೇಧಿತ ವಸ್ತು ಸಿಕ್ಕಿದೆ." ಇಂಥ ಫೋನಿಗೆ ಬೆಂಗಳೂರು, ಮೈಸೂರಿನಲ್ಲಿ ಎಷ್ಟು ಜನ ದುಡ್ಡು ಕಳೆದುಕೊಂಡಿಲ್ಲ! ಡಿಜಿಟಲ್ ಅರೆಸ್ಟ್ ಗಿರಾಕಿಗಳೇ ಅಂದುಕೊಂಡು ಬೈದು ಇಟ್ಟೆ. ಈಗಲೂ ಹೇಳುತ್ತೇನೆ, ಅಂಥ ಫೋನನ್ನು ಕಟ್ ಮಾಡುವುದೇ ಸರಿ. ನಿಜವಾದ ಪೊಲೀಸರು ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡು ದುಡ್ಡು ಕೇಳುವುದಿಲ್ಲ, ಮನೆ ಬಾಗಿಲಿಗೆ ಬರುತ್ತಾರೆ. ನಮ್ಮ ಠಾಣೆಯ ಕಾನ್‌ಸ್ಟೇಬಲ್ ನೋಟಿಸ್ ಹಿಡಿದು ಬಂದಾಗಲೇ ವಿಷಯ ಗೊತ್ತಾದದ್ದು.

ವಿಚಾರಣೆಗೆ ಬೆಂಗಳೂರಿಗೆ ಹೋದಾಗ ಆ ಪಾರ್ಸೆಲ್‌ನ ಸ್ಕ್ಯಾನಿಂಗ್ ಚಿತ್ರ ತೋರಿಸಿದರು. ವಿಮಾನಕ್ಕೆ ಹೋಗುವ ಸರಕೆಲ್ಲ ತಪಾಸಣೆ ಆಗಲೇಬೇಕು, ಹೆಚ್ಚಾಗಿ ಎಕ್ಸ್‌ರೇ ಯಂತ್ರದ ಹೊಟ್ಟೆಯೊಳಗಿಂದ ಹಾದು. ಕಾಫಿಪುಡಿ, ಕರಿಮೆಣಸು ಕಿತ್ತಳೆ ಬಣ್ಣದ ಮಬ್ಬು. ಅದರ ನಡುವೆ ಸಾಲಾಗಿ ನೀಲಿ ಬಿಲ್ಲೆಗಳು, ಅವು ತೋಟಾದ ಹಿತ್ತಾಳೆ ಬುಡ. ಒಂದೊಂದು ಬಿಲ್ಲೆಯ ಮುಂದೆಯೂ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳ ಗುಂಪು, ಅದು ಸೀಸದ ಚರೆ. ಸ್ಪೇರ್ ಪಾರ್ಟ್ಸ್ ಅಂತ ಕಣ್ಣಿಲ್ಲದವನೂ ಹೇಳಲಾರ. ಡಬ್ಬದೊಳಗೆ ಹುದುಗಿಸಿಟ್ಟರೆ ಕಾಣುವುದಿಲ್ಲ ಅಂತ ನಂಬಿರುವವರು ಆ ಚಿತ್ರವನ್ನೊಮ್ಮೆ ನೋಡಬೇಕಿತ್ತು.

ಇಲ್ಲಿ ಕಾನೂನಿನ ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಭಾವನಿಗೂ ಅಳಿಯನಿಗೂ ದಾರಿ ತಪ್ಪಿದ್ದು ಇಲ್ಲೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು; ಸದ್ಯ 2029ರ ಅಕ್ಟೋಬರ್ ಕೊನೆಯವರೆಗೆ ಇದೆ. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಜಿಲ್ಲೆಯ ಹೊರಗೆ ವಾಸವಿದ್ದಾಗ, ಪ್ರಯಾಣ ಮಾಡುವಾಗ ಒಂದು ರೈಫಲ್, ಅದಕ್ಕೆ 100 ಗುಂಡು; ಒಂದು ಚರೆ ಕೋವಿ, ಅದಕ್ಕೆ 500 ತೋಟಾದವರೆಗೆ ಇಟ್ಟುಕೊಳ್ಳಬಹುದೆಂಬ ಮಿತಿಯೂ ವಿನಾಯಿತಿ ಕೊಟ್ಟ ಸರ್ಕಾರಿ ಅಧಿಸೂಚನೆಯಲ್ಲಿದೆ. ಆದರೆ ವಿನಾಯಿತಿ ಇರುವುದು ಆ ವ್ಯಕ್ತಿಗೆ. ಅವನ ಕೈಯಿಂದ ಕೌಂಟರಿನ ಹುಡುಗನ ಕೈಗೆ, ಅಲ್ಲಿಂದ ಲಾರಿಗೆ, ಗೋದಾಮಿಗೆ ಹೋದ ಡಬ್ಬಕ್ಕೆ ಜಮ್ಮಾ ಇಲ್ಲ. ಲೈಸೆನ್ಸ್‌ದಾರರ ಕತೆಯೂ ಇದೇ. ಅಂಚೆಯಲ್ಲಿ ಸ್ಫೋಟಕ ಕಳಿಸುವಂತಿಲ್ಲ, ಕೊರಿಯರ್ ಕಂಪನಿಗಳ ನಿಷೇಧಿತ ಪಟ್ಟಿಯಲ್ಲಿ ತೋಟಾ ಇದ್ದೇ ಇರುತ್ತದೆ.

ನನ್ನ ಪಾಡಂತೂ ಇನ್ನೂ ಚೆಂದ. ನನಗೆ ಲೈಸೆನ್ಸೂ ಇಲ್ಲ, ಜಮ್ಮಾವೂ ಇಲ್ಲ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ಇಟ್ಟುಕೊಂಡರೆ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಂ ಬೀಳುತ್ತದೆ. 2019ರ ತಿದ್ದುಪಡಿ ಆದಮೇಲೆ ಅದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು, ಮೇಲೆ ದಂಡ. ಗೊತ್ತಿದ್ದೂ ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಬ್ಯಾಗಿನಲ್ಲಿ ಗೊತ್ತಿಲ್ಲದೆ ಉಳಿದ ಗುಂಡಿನ ಪ್ರಕರಣಗಳನ್ನು ಹೈಕೋರ್ಟುಗಳು ರದ್ದು ಮಾಡಿದ್ದೂ ಉಂಟು. ಸಮಾಧಾನದ ಮಾತೇ. ಆದರೆ ಆ ಸಮಾಧಾನ ಸಿಗುವ ಮೊದಲು ವಕೀಲರ ಫೀಸು, ಠಾಣೆಗೆ ಓಡಾಟ, ಹೇಳಿಕೆ, ಮತ್ತೆ ಹೇಳಿಕೆ. ಪಾಸ್‌ಪೋರ್ಟ್ ನವೀಕರಣಕ್ಕೆ ಹಾಕುವವನಿದ್ದೆ, ವಕೀಲರು ಸದ್ಯಕ್ಕೆ ಬೇಡ ಅಂದರು. ಭಾವ ತಾವೇ ಬಂದು ವಿನಾಯಿತಿ ಪತ್ರ ಕೊಟ್ಟು, ಕಟ್ಟಿದ್ದು ತಾವೆಂದು ಬರೆದುಕೊಟ್ಟರು. ಅಷ್ಟಕ್ಕೇ ನನ್ನ ಹೆಸರು ಕಡತದಿಂದ ಹೋಗುವುದಿಲ್ಲ.

ಕೊರಿಯರ್ ಅಂಗಡಿಯವರು? ರಶೀದಿ ತಿರುಗಿಸಿ ತೋರಿಸಿದರು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ, ಶಸ್ತ್ರ ಮತ್ತು ಮದ್ದುಗುಂಡು ನಿಷಿದ್ಧ, ಒಳಗಿನ ವಸ್ತುವಿಗೆ ಕಳಿಸಿದವರೇ ಹೊಣೆ ಅಂತಿದೆ. ಮುಂಭಾಗದಲ್ಲಿ ಸ್ಪೇರ್ ಪಾರ್ಟ್ಸ್ ಅಂತ ಬರೆದದ್ದು ಅವರದೇ ಹುಡುಗ. "ಗಿರಾಕಿ ಹೇಳಿದ್ದನ್ನ ಬರೆದಿದ್ದಾನೆ" ಅಂದರು. ಆ ಹುಡುಗ ಕೆಲಸ ಬಿಟ್ಟಿದ್ದಾನಂತೆ. ನನಗೆ ಎಲ್ಲಕ್ಕಿಂತ ಸಿಟ್ಟು ಇದರ ಮೇಲೆ: ಇಲ್ಲ ಅನ್ನಲು ಒಂದು ಮಾತು ಸಾಕಿತ್ತು.

ತೋಟಾ ಒಯ್ಯಲೇಬೇಕಾದರೆ ಲೈಸೆನ್ಸ್ ಅಥವಾ ವಿನಾಯಿತಿ ಇರುವವರೇ ಮೂಲ ಕಾಗದ ಜೊತೆಗಿಟ್ಟು ತಮ್ಮ ಕೈಯಲ್ಲೇ ಒಯ್ಯಬೇಕು. ಲೈಸೆನ್ಸ್ ಯಾವ ಪ್ರದೇಶಕ್ಕೆ ಚಾಲ್ತಿ ಎಂದು ಮೊದಲು ನೋಡಿಕೊಳ್ಳಿ; ಎಲ್ಲ ಲೈಸೆನ್ಸೂ ದೇಶಪೂರ್ತಿ ನಡೆಯುವುದಿಲ್ಲ. ವಿಮಾನದಲ್ಲಾದರೆ ಮುಂಚೆಯೇ ಏರ್‌ಲೈನ್‌ಗೆ ತಿಳಿಸಿ ಒಪ್ಪಿಗೆ ಪಡೆದು, ಕೌಂಟರಿನಲ್ಲಿ ಘೋಷಿಸಿ, ಚೆಕ್-ಇನ್ ಲಗೇಜಿನಲ್ಲಿ ಮಾತ್ರ. ಪ್ಯಾಕಿಂಗ್ ಸೇರಿ ಒಬ್ಬರಿಗೆ 5 ಕಿಲೋ ಮೀರುವಂತಿಲ್ಲ. ಕೈಚೀಲದಲ್ಲಿ ಒಂದೂ ಕೂಡದು. ಹಬ್ಬಕ್ಕೆ, ಬೇಲಿ ಕಾಯಲು ಒಯ್ದ ಬ್ಯಾಗನ್ನೇ ವಿಮಾನಕ್ಕೂ ಒಯ್ಯುವ ಅಭ್ಯಾಸ ಇದ್ದರೆ ಜೇಬುಗಳನ್ನೆಲ್ಲ ತಿರುವಿ ಹಾಕಿ ನೋಡಿ. ಮಕ್ಕಳು ಆಟಕ್ಕೆ ಎತ್ತಿಟ್ಟುಕೊಂಡ ತೋಟಾದ ಖಾಲಿ ಕೊಳವೆ ಸಿಕ್ಕರೂ ತಡೆದು ನಿಲ್ಲಿಸುತ್ತಾರೆ.

ಇನ್ನೊಂದು. ತೀರಿಕೊಂಡ ತಾತನ ಪೆಟ್ಟಿಗೆಯಲ್ಲಿ ಹಳೆಯ ತೋಟಾ ಸಿಕ್ಕಿ, ಮನೆಯಲ್ಲಿ ಈಗ ಯಾರ ಹೆಸರಲ್ಲೂ ಲೈಸೆನ್ಸ್ ಇಲ್ಲದಿದ್ದರೆ ಅದನ್ನು ಯಾರಿಗೂ ಕಳಿಸಲು ಹೋಗಬೇಡಿ, ಕೆರೆಗೂ ಎಸೆಯಬೇಡಿ. ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಲು ಕಾಯ್ದೆಯ 21ನೇ ಕಲಮಿನಲ್ಲಿ ದಾರಿಯಿದೆ. ಹೊತ್ತುಕೊಂಡು ಹೋಗುವ ಮೊದಲು ಠಾಣೆಗೆ ಫೋನ್ ಮಾಡಿ ತಿಳಿಸಿ, ಕೊಟ್ಟದ್ದಕ್ಕೆ ರಶೀದಿ ಕೇಳಿ ಪಡೆಯಿರಿ.