ಅಕಾಮೆ ಗಾ ಕಿಲ್, ಕೋಡ್ ಗಿಯಾಸ್, ಸೈಕೋ ಪಾಸ್: ಮೂರೂ ಮತ್ತೆ ನೋಡಿದ್ಮೇಲೆ ನನಗನ್ಸಿದ್ದು

ಎರಡು ತಿಂಗಳ ಹಿಂದೆ ನನ್ನ ತಮ್ಮ ಫೋನ್ ಮಾಡಿ ಕೇಳ್ದ, ಅಣ್ಣಾ ಒಂದು ಡಾರ್ಕ್ ಆಕ್ಷನ್ ಅನಿಮೆ ಹೇಳು, ಸುಮ್ನೆ ಹೊಡೆದಾಟ ಬೇಡ, ಸರ್ಕಾರ, ಲಂಚ, ದಂಗೆ ಎಲ್ಲಾ ಇರ್ಬೇಕು, ಯಾರು ಸರಿ ಯಾರು ತಪ್ಪು ಅಂತ ತಲೆ ಕೆಡ್ಬೇಕು ಅಂತ. ಒಂದೇ ಹೆಸರು ಹೇಳಿ ಫೋನ್ ಇಡೋಣ ಅಂದ್ರೆ ಆಗ್ಲಿಲ್ಲ, ಯಾಕಂದ್ರೆ ಈ ಥರದ್ದು ಅಂತ ಜನ ಹೇಳೋ ಮೂರು ಜಪಾನೀಸ್ ಅನಿಮೇಷನ್ ಸೀರೀಸ್ ನಾನು ಕಾಲೇಜು ದಿನಗಳಲ್ಲೇ ನೋಡಿದ್ದೆ, ಮೂರೂ ಇಷ್ಟ ಆಗಿತ್ತು, ಆದ್ರೆ ಯಾಕೆ ಇಷ್ಟ ಆಯ್ತು ಅನ್ನೋದು ಮರ್ತೇ ಹೋಗಿತ್ತು. ಅದಕ್ಕೇ ರಾತ್ರಿ ಊಟ ಆದ್ಮೇಲೆ ದಿನಾ ಎರಡು ಮೂರು ಎಪಿಸೋಡ್ ಅಂತ ಮತ್ತೆ ಶುರು ಮಾಡ್ದೆ. ಅಕಾಮೆ ಗಾ ಕಿಲ್ 24, ಕೋಡ್ ಗಿಯಾಸ್ ಎರಡು ಸೀಸನ್ ಸೇರಿ 50, ಸೈಕೋ ಪಾಸ್ ಮೊದಲ ಸೀಸನ್ 22, ಒಟ್ಟು 96 ಎಪಿಸೋಡ್. ಮೂರನ್ನೂ ಜಪಾನೀಸ್ ಆಡಿಯೋ, ಇಂಗ್ಲಿಷ್ ಸಬ್‌ಟೈಟಲ್‌ನಲ್ಲೇ ನೋಡಿದೀನಿ. ಕೊನೆ ಏನಾಗುತ್ತೆ ಅಂತ ಯಾವುದರದ್ದೂ ಹೇಳಲ್ಲ, ಆದ್ರೆ ಮಧ್ಯದ ಕೆಲವು ಘಟನೆ ಹೇಳ್ದೇ ಹೋಲಿಸೋಕಾಗಲ್ಲ, ಏನೂ ಗೊತ್ತಾಗೋದೇ ಬೇಡ ಅನ್ನೋರು ಇಲ್ಲೇ ನಿಲ್ಸಿ.

ಈ ಸಲ ನೋಡುವಾಗ ತಲೇಲಿ ಒಂದೇ ಪ್ರಶ್ನೆ ಇಟ್ಕೊಂಡಿದ್ದೆ. ಕೆಟ್ಟ ಆಡಳಿತದ ವಿರುದ್ಧ ಕತ್ತಿ ಎತ್ತಿದಾಗ, ಅದರಲ್ಲಿ ಯಾವ ಕೈವಾಡವೂ ಇಲ್ಲದ ಒಬ್ಬರು ಸಾಯ್ತಾರಲ್ಲ, ಕಥೆ ಅವರ ಕಡೆ ತಿರುಗಿ ನೋಡುತ್ತಾ ಇಲ್ವಾ? ಪಾತ್ರಗಳು ಕತ್ತಲಲ್ಲಿ ನಿಂತು ಭಾರವಾದ ಡೈಲಾಗ್ ಹೇಳಿದ ಮಾತ್ರಕ್ಕೆ ಕಥೆ ಗಂಭೀರ ಆಗ್ಬಿಡಲ್ಲ.

ಅಕಾಮೆ ಗಾ ಕಿಲ್‌ನಿಂದ ಶುರು ಮಾಡ್ತೀನಿ. 2014ರಲ್ಲಿ ವೈಟ್ ಫಾಕ್ಸ್ ಸ್ಟುಡಿಯೋ ಮಾಡಿದ್ದು, ಟಕಾಹಿರೋ ಬರೆದು ಟೆಟ್ಸುಯಾ ತಾಶಿರೋ ಚಿತ್ರ ಬರೆದ ಮಾಂಗಾ, ಅಂದ್ರೆ ಜಪಾನೀಸ್ ಕಾಮಿಕ್ಸ್, ಇದಕ್ಕೆ ಮೂಲ. ತತ್ಸುಮಿ ಅನ್ನೋ ಹಳ್ಳಿ ಹುಡುಗ, ತೆರಿಗೆ ಕಟ್ಟಿ ಕಟ್ಟಿ ಬಡವಾದ ತನ್ನೂರಿಗೆ ದುಡ್ಡು ಕಳಿಸ್ಬೇಕು ಅಂತ ಇಬ್ಬರು ಫ್ರೆಂಡ್ಸ್ ಜೊತೆ ರಾಜಧಾನಿಗೆ ಹೊರಡ್ತಾನೆ, ದಾರೀಲಿ ಅವರಿಂದ ಬೇರೆ ಆಗ್ಬಿಡ್ತಾನೆ, ಬಂದ ದಿನವೇ ಒಬ್ಬಳು ಸೈನ್ಯಕ್ಕೆ ಸೇರಿಸ್ತೀನಿ ಅಂತ ಹೇಳಿ ಅವನ ಕೈಲಿದ್ದ ದುಡ್ಡೆಲ್ಲಾ ತಗೊಂಡು ಮಾಯ. ಆ ಸೀನ್ ನೋಡಿ ನನಗೆ ಹೊಟ್ಟೇಲಿ ಕಿವುಚಿದ ಹಾಗಾಯ್ತು. ಬೆಂಗಳೂರಿಗೆ ಬಂದ ಮೊದಲ ವಾರ ರೂಮ್ ತೋರಿಸ್ತೀನಿ ಅಂತ ಒಬ್ಬ ಬ್ರೋಕರ್ ಅಡ್ವಾನ್ಸ್ ತಗೊಂಡು ಫೋನ್ ಸ್ವಿಚ್ ಆಫ್ ಮಾಡ್ಕೊಂಡಿದ್ದ, ಅದು ಅಪ್ಪ ಅಡಿಕೆ ಮಾರಿದ ದುಡ್ಡು, ಮನೇಲಿ ಇವತ್ತಿಗೂ ಹೇಳಿಲ್ಲ. ಹಳ್ಳಿಯಿಂದ ಬಂದವನ ಮುಖ ನೋಡಿದ ತಕ್ಷಣ ಅಳೆದ್ಬಿಡೋ ಊರು ಅಂದ್ರೆ ಏನು ಅನ್ನೋದನ್ನ ಈ ಮೊದಲ ಎಪಿಸೋಡ್ ಸರಿಯಾಗಿ ಹಿಡಿದಿದೆ.

ಆಮೇಲೆ ಆರಿಯಾ ಅನ್ನೋ ಶ್ರೀಮಂತರ ಮನೆ ಹುಡುಗಿ ಅವನನ್ನ ಮನೆಗೆ ಕರ್ಕೊಂಡು ಹೋಗಿ ಊಟ ಹಾಕ್ತಾಳೆ, ಹಾಸಿಗೆ ಕೊಡ್ತಾಳೆ, ಫ್ರೆಂಡ್ಸ್‌ನ ಹುಡುಕಿಸ್ತೀವಿ ಅಂತಾರೆ. ನೈಟ್ ರೇಡ್ ಅನ್ನೋ ಹಂತಕರ ಗುಂಪು ಆ ಮನೆ ಮೇಲೆ ಬಿದ್ದಾಗ ನಾವೂ ಆರಿಯಾ ಪರವೇ ಇರ್ತೀವಿ, ಅಷ್ಟರಲ್ಲಿ ಉಗ್ರಾಣದ ಬಾಗಿಲು ಒಡೆದು ತೋರಿಸ್ತಾರೆ. ಒಳಗೆ ಹಳ್ಳಿಗಳಿಂದ ಬಂದವರ ಹೆಣಗಳು, ಅದರಲ್ಲಿ ಅವನ ಫ್ರೆಂಡ್, ಸಾಯೋ ಅನ್ನೋ ಹೆಸರಿನ ಹುಡುಗಿ. ಇನ್ನೊಬ್ಬ ಇಯೆಯಾಸು ಪಕ್ಕದ ಪಂಜರದಲ್ಲಿ ಕೊನೆಯುಸಿರಲ್ಲಿ ಇರ್ತಾನೆ. ಆರಿಯಾನ ಕೊಲ್ಲೋದು ನೈಟ್ ರೇಡ್‌ನೋರಲ್ಲ, ತತ್ಸುಮಿನೇ. ಒಂದೇ ಎಪಿಸೋಡ್‌ನಲ್ಲಿ ಕಾಪಾಡೋಕೆ ನಿಂತವನು ಕೊಂದವನಾಗ್ತಾನೆ, ಇದಕ್ಕಿಂತ ಗಟ್ಟಿಯಾದ ಶುರುವಾತು ಮಿಕ್ಕ ಎರಡರಲ್ಲೂ ಇಲ್ಲ.

ಎರಡನೇ ಎಪಿಸೋಡ್‌ನಲ್ಲಿ ತತ್ಸುಮಿ, ಸರ್ಕಾರದ ವಿರುದ್ಧ ದಂಗೆ ಎದ್ದಿರೋ ಈ ನೈಟ್ ರೇಡ್ ಜೊತೆ ಸೇರೋ ಹೊತ್ತಲ್ಲಿ, ಹಾಗಾದ್ರೆ ನೀವು ನ್ಯಾಯದ ಪರ ಇರೋರು ಅನ್ನೋ ಅರ್ಥದಲ್ಲಿ ಏನೋ ಹೇಳ್ತಾನೆ, ಅವರೆಲ್ಲಾ ನಗ್ತಾರೆ. ನಾವು ಮಾಡೋದು ಕೊಲೆನೇ, ಎಷ್ಟು ಚೆನ್ನಾಗಿರೋ ಹೆಸರು ಇಟ್ರೂ ಅಷ್ಟೇ, ನಮಗೂ ಒಂದಿನ ಅದೇ ಗತಿ ಬರಬಹುದು ಅಂತಾರೆ. ಸರಣಿ ಆ ಮಾತಿಗೆ ತಪ್ಪಲ್ಲ, ಯಾರು ಬೇಕಾದ್ರೂ ಸಾಯ್ತಾರೆ, ನಿಜವಾಗ್ಲೂ.

ಆದ್ರೆ ರಾಜಕೀಯ ಅಂತ ಬಂದಾಗ ಅಕಾಮೆ ತೆಳು ಆಗುತ್ತೆ. ಪ್ರಧಾನ ಮಂತ್ರಿ ಆನೆಸ್ಟ್ ಚಿಕ್ಕ ಹುಡುಗನನ್ನ ಚಕ್ರವರ್ತಿ ಅಂತ ಕೂರಿಸಿ, ಪಕ್ಕದಲ್ಲಿ ಯಾವಾಗ್ಲೂ ಮಾಂಸ ಕಡೀತಾ ನಿಂತಿರ್ತಾನೆ. ಒಬ್ಬ ಅಧಿಕಾರಿ ಎದ್ದು ನಿಮ್ಮನ್ನ ದಾರಿ ತಪ್ಪಿಸ್ತಿದ್ದಾರೆ ಅಂತ ಹೇಳಿದ್ರೆ ಆ ಹುಡುಗ ಮಂತ್ರಿ ಮುಖ ನೋಡ್ತಾನೆ, ಅಧಿಕಾರಿಗೆ ಮರಣದಂಡನೆ. ಆ ದೃಶ್ಯ ಚೆನ್ನಾಗಿದೆ, ಯಾಕಂದ್ರೆ ಹುಡುಗ ಕೆಟ್ಟವನಲ್ಲ, ಅವನಿಗೆ ಗೊತ್ತಿಲ್ಲ ಅಷ್ಟೇ. ಮಿಕ್ಕ ಕೆಟ್ಟವರೆಲ್ಲಾ ಮಜಾಕ್ಕೆ ಚಿತ್ರಹಿಂಸೆ ಕೊಡೋರು, ಅಂಥವರನ್ನ ಕೊಂದ್ರೆ ನೋಡೋನಿಗೆ ಯೋಚನೆ ಮಾಡೋದು ಏನೂ ಉಳಿಯಲ್ಲ. ಇನ್ನೊಂದು, ಯಾರಿಗಾದ್ರೂ ಹಳೇ ಕಥೆ ಫ್ಲ್ಯಾಶ್‌ಬ್ಯಾಕ್ ಬಂತು ಅಂದ್ರೆ ಅವರು ಸದ್ಯದಲ್ಲೇ ಹೋಗ್ತಾರೆ ಅಂತ ಹತ್ತನೇ ಎಪಿಸೋಡ್ ಹೊತ್ತಿಗೆ ಗೊತ್ತಾಗ್ಬಿಡುತ್ತೆ.

ಹಾಗಂತ ತಳ್ಳಿ ಹಾಕೋಕಾಗಲ್ಲ, ಇಬ್ಬರಿಂದಾಗಿ. ಒಬ್ಬ ಲಿವರ್ ಅನ್ನೋನು. ಮಂತ್ರಿಗೆ ಲಂಚ ಕೊಡಲ್ಲ ಅಂದಿದ್ದಕ್ಕೇ ಪದವಿ ಕಳ್ಕೊಂಡು ಜೈಲು ಸೇರಿದ ಸೇನಾಪತಿ, ಅವನನ್ನ ಉಳಿಸಿದ್ದು ಎಸ್ಡೆತ್ ಅನ್ನೋ ಸಾಮ್ರಾಜ್ಯದ ಇನ್ನೊಬ್ಬ ಸೇನಾಪತಿ, ಆ ಋಣಕ್ಕೆ ಅವಳ ಕೆಳಗೆ ಸೇರಿ ಅದೇ ಮಂತ್ರಿಗೆ ಅಡ್ಡ ಬರೋ ಒಳ್ಳೇ ಅಧಿಕಾರಿಗಳನ್ನ ಕೊಂದು ನೈಟ್ ರೇಡ್ ತಲೆಗೆ ಕಟ್ತಾನೆ. ಲಂಚ ಒಬ್ಬನನ್ನ ಹೇಗೆ ಹಾಳು ಮಾಡುತ್ತೆ ಅಂದ್ರೆ, ತಗೊಂಡವನನ್ನ ಮಾತ್ರ ಅಲ್ಲ, ಕೊಡಲ್ಲ ಅಂದವನನ್ನೂ. ಇನ್ನೊಬ್ಬ ಬೋಲ್ಸ್, ಸರ್ಕಾರದ ಕಡೆಯ ಸೈನಿಕ. ಮುಖವಾಡ ಹಾಕಿರೋ ದೈತ್ಯ, ಬೆಂಕಿ ಉಗುಳೋ ಆಯುಧ, ಆರ್ಡರ್ ಬಂತು ಅಂತ ಊರುಗಳನ್ನ ಸುಟ್ಟವನು, ಹೆಂಡತಿ ಮಗಳು ಅವನಿಗೆ ಊಟ ಕಟ್ಕೊಂಡು ಬರ್ತಾರೆ. ಅವನಿಗೆ ತಾನು ಏನು ಮಾಡಿದೀನಿ ಅಂತ ಚೆನ್ನಾಗಿ ಗೊತ್ತು. ಅವನು ಸಾಯೋದು ಹೇಗೆ ಗೊತ್ತಾ, ಗಾಯ ಆಗಿರೋ ಮಗುವಿಗೆ ಸಹಾಯ ಮಾಡೋಕೆ ಬಗ್ಗಿದಾಗ, ಆ ಮಗು ವೇಷದಲ್ಲಿರೋ ನೈಟ್ ರೇಡ್ ಹುಡುಗಿ ಕೈಲಿ. ನಮ್ಮ ಕಡೆಯವರು ಗೆದ್ರು, ಖುಷಿ ಆಗ್ಲಿಲ್ಲ. ಇಡೀ ಸರಣಿ ಇದೇ ಮಟ್ಟದಲ್ಲಿ ಇದ್ದಿದ್ರೆ ಈ ಹೋಲಿಕೆನೇ ಬೇಕಿರ್ಲಿಲ್ಲ.

ಮಾಂಗಾ 2016ರವರೆಗೂ ನಡೀತು, ಅನಿಮೆ ಅದಕ್ಕಿಂತ ಮುಂಚೆ ಮುಗೀತು, ಹಾಗಾಗಿ ಎರಡನೇ ಅರ್ಧದಲ್ಲಿ ಬೇರೆ ದಾರಿ ಹಿಡಿದು ತನ್ನದೇ ಕೊನೆ ಮಾಡ್ಕೊಂಡಿದೆ, ಅವಸರ ಗೊತ್ತಾಗುತ್ತೆ. ಇಷ್ಟ ಆದೋರು 15 ಸಂಪುಟದ ಮಾಂಗಾನೂ ಓದಿ.

ಈಗ ಕೋಡ್ ಗಿಯಾಸ್. ಸನ್‌ರೈಸ್ ಸ್ಟುಡಿಯೋ, ಗೋರೋ ತಾನಿಗುಚಿ ನಿರ್ದೇಶನ, 2006ರಲ್ಲಿ ಮೊದಲ ಸೀಸನ್, 2008ರಲ್ಲಿ ಎರಡನೇದು. ಬ್ರಿಟಾನಿಯಾ ಸಾಮ್ರಾಜ್ಯ ಜಪಾನನ್ನ ಗೆದ್ದು ಅದರ ಹೆಸರೇ ಕಿತ್ಹಾಕಿ ಏರಿಯಾ 11 ಅಂತ ನಂಬರ್ ಕೊಟ್ಟಿದೆ, ಅಲ್ಲಿನ ಜನ ಇಲೆವೆನ್ಸ್. ಲೆಲೂಶ್ ಅನ್ನೋ ಹೊರಗೆ ಹಾಕಿದ ರಾಜಕುಮಾರನಿಗೆ ಒಂದು ಶಕ್ತಿ ಸಿಗುತ್ತೆ, ಕಣ್ಣಲ್ಲಿ ಕಣ್ಣಿಟ್ಟು ಏನು ಹೇಳಿದ್ರೂ ಎದುರಿಗಿರೋನು ಮಾಡ್ಲೇಬೇಕು, ಒಬ್ಬರಿಗೆ ಒಂದೇ ಸಲ. ಅವನು ಮುಖವಾಡ ಹಾಕಿ ಜೀರೋ ಅನ್ನೋ ದಂಗೆಕೋರರ ನಾಯಕ ಆಗ್ತಾನೆ. ಅವನ ಬಾಲ್ಯದ ಗೆಳೆಯ ಸುಜಾಕು ಜಪಾನಿನವನೇ, ಆದ್ರೆ ಬ್ರಿಟಾನಿಯಾ ಸೈನ್ಯ ಸೇರಿ ಒಳಗಿಂದ್ಲೇ ಬದಲಾಯಿಸ್ತೀನಿ ಅಂತಾನೆ. ಇಬ್ಬರಲ್ಲಿ ಯಾರು ಸರಿ ಅಂತ 50 ಎಪಿಸೋಡ್ ಪೂರ್ತಿ ನಾನು ನಿರ್ಧಾರ ಬದಲಾಯಿಸ್ತಾನೇ ಇದ್ದೆ, ಕೆಲವು ಸಲ ಒಂದೇ ರಾತ್ರೀಲಿ ಎರಡು ಸಲ.

ಇದರಲ್ಲಿ ಭ್ರಷ್ಟಾಚಾರ ಅಂದ್ರೆ ಒಬ್ಬ ದಪ್ಪ ಮಂತ್ರಿ ಅಲ್ಲ. ರಿಫ್ರೇನ್ ಅಂತ ಒಂದು ಡ್ರಗ್ ಬರುತ್ತೆ, ತಗೊಂಡ್ರೆ ಹಳೇ ಒಳ್ಳೇ ದಿನಗಳು ಕಣ್ಮುಂದೆ ಬರುತ್ವೆ, ಸೋತ ದೇಶದ ಜನ ಅದಕ್ಕೇ ದಾಸರಾಗಿರ್ತಾರೆ. ಜೀರೋ ಗುಂಪು ಗೋಡೌನ್‌ಗೆ ನುಗ್ಗಿದ್ರೆ ಕಾವಲಿಗೆ ನಿಂತಿರೋದು ಪೊಲೀಸರದೇ ರೋಬೋ ಮಷಿನ್. ಒಳಗೆ ಗುಂಪಿನಲ್ಲಿರೋ ಕಾಲೆನ್ ಅನ್ನೋ ಹುಡುಗಿಗೆ ಸಿಗೋದು ಅವಳ ತಾಯಿ. ಕಾಲೆನ್ ಅಪ್ಪ ಬ್ರಿಟಾನಿಯಾದವನು, ಅಮ್ಮ ಜಪಾನಿನವಳು. ಆ ಅಮ್ಮ ಆ ಅಪ್ಪನ ದೊಡ್ಡ ಮನೇಲೇ ಕೆಲಸದವಳಾಗಿದ್ಕೊಂಡು ಬೈಸ್ಕೊಂಡಿದ್ದು ಮಗಳ ಹತ್ರ ಇರ್ಬೇಕು ಅನ್ನೋ ಒಂದೇ ಕಾರಣಕ್ಕೆ, ಮಗಳು ಅದನ್ನ ಇಷ್ಟು ದಿನ ಅಸಹ್ಯ ಅಂದ್ಕೊಂಡಿದ್ಲು. ಡ್ರಗ್ ಮತ್ತಲ್ಲಿ ಅಮ್ಮ ಪುಟ್ಟ ಕಾಲೆನ್ ಜೊತೆ ಮಾತಾಡ್ತಾಳೆ, ಇನ್ಮೇಲೆ ನೀನು ಬ್ರಿಟಾನಿಯಾದವಳಾಗಬಹುದು, ಯಾರೂ ಹೊಡೆಯಲ್ಲ, ಫೋನ್ ಮಾಡಬಹುದು, ಊರೂರು ತಿರುಗಬಹುದು ಅಂತ. ಫೋನ್ ಮಾಡಬಹುದು ಅನ್ನೋ ಆ ಒಂದು ಮಾತಿಗೆ ನಾನು ವಿಡಿಯೋ ನಿಲ್ಸಿ ಎದ್ದು ಹೋಗಿ ನೀರು ಕುಡಿದು ಬಂದೆ. ಗುಲಾಮಗಿರಿ ಅಂದ್ರೆ ಏನು ಅಂತ ಅದಕ್ಕಿಂತ ಚಿಕ್ಕದಾಗಿ ಹೇಳೋಕಾಗಲ್ಲ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾರಿಟಾ ಬೆಟ್ಟದ ಯುದ್ಧದಲ್ಲಿ. ಜೀರೋ ಪ್ಲಾನ್ ಹಾಕಿ ಬೆಟ್ಟ ಕುಸಿಯೋ ಹಾಗೆ ಮಾಡ್ತಾನೆ, ಸೈನ್ಯ ಮಣ್ಣಿನಡಿ ಹೋಗುತ್ತೆ, ಏನು ತಲೆ ಇವನದು ಅಂತ ನಾವು ಖುಷಿ ಪಡ್ತೀವಿ. ಆಮೇಲೆ ಗೊತ್ತಾಗುತ್ತೆ, ಅದೇ ಮಣ್ಣಿನಡಿ ಲೆಲೂಶ್ ಕ್ಲಾಸ್‌ಮೇಟ್ ಶರ್ಲಿಯ ಅಪ್ಪನೂ ಇದ್ರು. ಅವಳು ಮಳೇಲಿ ನಿಂತು ಅಳೋದು ಅವನ ಮುಂದೆನೇ, ಕೊಂದಿದ್ದು ಅವನೇ ಅಂತ ಗೊತ್ತಿಲ್ದೆ. ಅವನ ಜೊತೆ ಖುಷಿ ಪಟ್ಟಿದ್ದ ನಮಗೂ ಅದರಲ್ಲಿ ಪಾಲಿದೆ ಅನ್ಸುತ್ತೆ. ಅಕಾಮೆ ಇದನ್ನ ಬೋಲ್ಸ್ ವಿಷಯದಲ್ಲಿ ಮಾಡ್ತು, ಆದ್ರೆ ಬೋಲ್ಸ್ ಊರು ಸುಟ್ಟವನು, ಶರ್ಲಿ ಅಪ್ಪ ಏನೂ ಮಾಡಿರ್ಲಿಲ್ಲ. ಇನ್ನು ಮೊದಲ ಸೀಸನ್‌ನ 22ನೇ ಎಪಿಸೋಡ್ ಬಗ್ಗೆ ಒಂದಕ್ಷರನೂ ಬರೆಯಲ್ಲ, ಅದನ್ನ ಒಬ್ಬರೇ ಕೂತು ನೋಡಿ.

ಕಷ್ಟ ಇಲ್ಲ ಅಂತಲ್ಲ. ಮಧ್ಯೆ ಮಧ್ಯೆ ಸ್ಕೂಲ್ ಕಾಮಿಡಿ, ಒಂದು ಬೆಕ್ಕು ಜೀರೋನ ಮುಖವಾಡ ಎತ್ಕೊಂಡು ಓಡೋದು, ಹೆಣ ಬಿದ್ದ ಎಪಿಸೋಡ್ ಆದ್ಮೇಲೆ ಅದು ಬಂದ್ರೆ ಸೇರಲ್ಲ. ಎರಡನೇ ಸೀಸನ್ ಶುರುನಲ್ಲಿ ಹಳೇದೇ ಮತ್ತೆ ಶುರು ಆದ ಹಾಗಿರುತ್ತೆ. ರೋಬೋ ಯುದ್ಧ ಬೇಡ ಅನ್ನೋರಿಗೂ ಸ್ವಲ್ಪ ತಾಳ್ಮೆ ಬೇಕು.

ಸೈಕೋ ಪಾಸ್ ಬೇರೆ ರೀತಿದು. ಪ್ರೊಡಕ್ಷನ್ ಐಜಿ, ಗೆನ್ ಉರೊಬುಚಿ ಬರವಣಿಗೆ, 2012ರ ಅಕ್ಟೋಬರ್‌ನಿಂದ 2013ರ ಮಾರ್ಚ್‌ವರೆಗೆ ಬಂತು. ಇಲ್ಲಿ ದುಷ್ಟ ರಾಜ ಇಲ್ಲ, ಸಿಬಿಲ್ ಅನ್ನೋ ವ್ಯವಸ್ಥೆ ಇದೆ, ಜನರ ಮನಸ್ಸನ್ನ ಸ್ಕ್ಯಾನ್ ಮಾಡಿ, ಅಪರಾಧ ಮಾಡೋ ಸಾಧ್ಯತೆ ಎಷ್ಟು ಅಂತ ನಂಬರ್ ಕೊಡುತ್ತೆ. ಪೊಲೀಸರ ಡಾಮಿನೇಟರ್ ಗನ್ ಆ ನಂಬರ್ ನೋಡಿನೇ ಕೆಲಸ ಮಾಡೋದು, 100 ದಾಟಿದ್ರೆ ಪ್ರಜ್ಞೆ ತಪ್ಪಿಸುತ್ತೆ, 300 ದಾಟಿದ್ರೆ ಕೊಲ್ಲುತ್ತೆ. ಮೊದಲ ಎಪಿಸೋಡ್‌ನಲ್ಲೇ ಒಬ್ಬ ಅಪರಾಧಿ ಕೈಗೆ ಸಿಕ್ಕಿ ನರಳಿದ ಹೆಂಗಸಿನ ನಂಬರ್ ಭಯಕ್ಕೇ ಏರಿ ಹೋಗುತ್ತೆ, ಗನ್ ಅವಳನ್ನೇ ಕೊಲ್ಲು ಅನ್ನುತ್ತೆ. ಕೆಲಸಕ್ಕೆ ಸೇರಿದ ಮೊದಲ ದಿನ ಅಕಾನೆ ಅನ್ನೋ ಪೊಲೀಸ್ ಹುಡುಗಿ ಆ ಹೆಂಗಸನ್ನ ಉಳಿಸೋಕೆ ತನ್ನ ಜೊತೆಗಾರನಿಗೇ ಗುಂಡು ಹಾರಿಸ್ತಾಳೆ.

ಇದರಲ್ಲಿ ನನ್ನನ್ನ ಅಲ್ಲಾಡಿಸಿದ್ದು ಹೆಲ್ಮೆಟ್ ಸೀನ್. ಸ್ಕ್ಯಾನರ್‌ಗೆ ಮೋಸ ಮಾಡೋ ಹೆಲ್ಮೆಟ್ ಹಾಕಿರೋನು ಹಾಡಹಗಲೇ ರಸ್ತೇಲಿ ಒಬ್ಬ ಹೆಂಗಸನ್ನ ಸುತ್ತಿಗೇಲಿ ಹೊಡೆದು ಸಾಯಿಸ್ತಾನೆ, ಸುತ್ತ ಜನ ನಿಂತು ನೋಡ್ತಾರೆ. ಹೆದರಿ ಅಲ್ಲ, ಕಣ್ಮುಂದೆ ಏನು ನಡೀತಿದೆ ಅಂತನೇ ಅವರಿಗೆ ತಿಳಿಯಲ್ಲ, ಮಷಿನ್ ಸುಮ್ನಿದೆ ಅಂದ್ರೆ ಏನೂ ಆಗಿಲ್ಲ ಅಂತಾನೇ ಲೆಕ್ಕ. ಆಡಳಿತ ಕೆಟ್ಟಿದ್ರೆ ದಂಗೆ ಏಳಬಹುದು, ಆದ್ರೆ ಆಡಳಿತ ಚೆನ್ನಾಗಿ ನಡೀತಾನೇ ಜನರ ವಿವೇಚನೆಯನ್ನ ತಿಂದು ಹಾಕಿದ್ರೆ? ಅಕಾನೆಗೆ ಸಿಬಿಲ್ ಒಳಗಿನ ಕೊಳಕು ಗೊತ್ತಾದ್ಮೇಲೂ ಅದನ್ನ ಒಡೆಯೋಕಾಗಲ್ಲ, ಒಡೆದ್ರೆ ಅದನ್ನೇ ನಂಬಿ ಬದುಕ್ತಿರೋ ಜನರ ಗತಿ ಏನು ಅಂತ. ಮೂರರಲ್ಲಿ ಅತ್ಯಂತ ಕಠಿಣ ಪ್ರಶ್ನೆ ಇದೇ. ಆದ್ರೆ ಮಾತು ಜಾಸ್ತಿ, ಮಧ್ಯೆ ಯಾವ್ಯಾವುದೋ ಪುಸ್ತಕದ ಸಾಲು ಹೇಳ್ತಾರೆ, ದಣಿದು ಬಂದ ರಾತ್ರಿ ನಾನು ಎರಡು ಸಲ ಹಿಂದಕ್ಕೆ ಹಾಕಿ ನೋಡ್ಬೇಕಾಯ್ತು. ಹಿಂಸೆ ಕೂಡ ತೀರಾ ಹತ್ರದಿಂದ, ಚಿಕ್ಕ ಮಕ್ಕಳಿರೋ ಮನೇಲಿ ಖಂಡಿತ ಹಾಕ್ಬೇಡಿ, ಅಕಾಮೆಗೂ ಇದೇ ಮಾತು.

ಹಾಗಾಗಿ ತಮ್ಮನಿಗೆ ನಾನು ಹೇಳಿದ್ದು ಹೀಗೆ. ಹೊಡೆದಾಟದ ವೇಗ ಬೇಕು, ಎರಡು ವಾರದಲ್ಲಿ ಮುಗೀಬೇಕು ಅಂದ್ರೆ ಅಕಾಮೆ. ಒಂದನ್ನೇ ನೋಡೋಕೆ ಟೈಮ್ ಇರೋದು ಅಂದ್ರೆ ಕೋಡ್ ಗಿಯಾಸ್, ಇದರಲ್ಲಿ ನನಗೆ ಅನುಮಾನನೇ ಇಲ್ಲ, ರಾಜಕೀಯನೂ ಮನುಷ್ಯರೂ ಒಟ್ಟಿಗೆ ಸಿಗೋದು ಅಲ್ಲೇ. ಸೈಕೋ ಪಾಸ್ ಕೊನೆಗಿಟ್ಕೋ, ಲೆಲೂಶ್ ಥರ ಎಲ್ಲಾ ಒಡೆದು ಕಟ್ಟಬಹುದು ಅನ್ನೋ ಹುರುಪು ತಲೇಲಿ ಇನ್ನೂ ಬಿಸಿಯಾಗಿ ಇದ್ದಾಗ ಅಕಾನೆಯ ಕಷ್ಟ ನೋಡಿದ್ರೆ ಹೆಚ್ಚು ನಾಟುತ್ತೆ.

ಅವನು ಅಕಾಮೆಯಿಂದ್ಲೇ ಶುರು ಮಾಡ್ದ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಅಣ್ಣಾ ಲಿವರ್ ಇನ್ನೇನು ಮಾಡ್ಬೇಕಿತ್ತು, ಜೈಲಲ್ಲಿ ಕೊಳೀಬೇಕಿತ್ತಾ ಅಂತ ಕೇಳ್ದ. ಉಳಿಸಿದವಳ ಋಣ ತೀರಿಸೋಕೆ ಇನ್ನೊಬ್ಬ ಲಿವರ್‌ನಂಥ ಒಳ್ಳೇ ಅಧಿಕಾರಿಯ ಕುತ್ತಿಗೆ ಯಾಕೆ ಕೊಡ್ಬೇಕು ಅಂತ ನಾನಂದೆ. ಅವನು ಒಪ್ಲಿಲ್ಲ. ಒಂದೂವರೆ ಗಂಟೆ ಮಾತಾಡಿದ್ವಿ, ಚಾರ್ಜ್ ಮುಗೀತು, ಚಾರ್ಜರ್ ಹಾಕಿ ಅವನೇ ಮತ್ತೆ ಫೋನ್ ಮಾಡ್ದ.