ಕೂತ ಶಿವ, ಕುಣಿವ ಶಿವ: ಆವಣಿ ಸುತ್ತು ಮತ್ತು ಅರಳಗುಪ್ಪೆ ಸುತ್ತು

ಆವಣಿಯ ಲಕ್ಷ್ಮಣೇಶ್ವರ ಗುಡಿಯ ಒಳಚಾವಣಿಯಲ್ಲಿ ಶಿವ ಪಾರ್ವತಿಯ ಜೊತೆ ಕೂತಿದ್ದಾನೆ. ಅರಳಗುಪ್ಪೆಯ ಕಲ್ಲೇಶ್ವರದಲ್ಲಿ ಕುಣಿಯುತ್ತಿದ್ದಾನೆ. ಎರಡರಲ್ಲೂ ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು, ಎರಡೂ ನೊಳಂಬ ಅರಸರ ಕಾಲದ ಕೆಲಸ. ಒಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕು, ಇನ್ನೊಂದು ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕು. ಒಂದೇ ದಿನ ಬಿಡುವಿದೆ, ಸೈಕಲ್ಲಿದೆ, ಜೊತೆಗೆ ಯಾರೂ ಇಲ್ಲ ಅನ್ನುವವರು ಯಾವ ಕಡೆ ಹೋಗಬೇಕು? ಹೋದ ಚಳಿಗಾಲದಲ್ಲಿ ಎರಡೂ ಕಡೆ ಒಬ್ಬಳೇ ತುಳಿದು ಬಂದೆ. ಚಿಕ್ಕಬಳ್ಳಾಪುರದ ನಂದಿಯನ್ನು ಈ ಲೆಕ್ಕದಿಂದ ಬಿಟ್ಟಿದ್ದೇನೆ. ಭೋಗನಂದೀಶ್ವರ ನನಗೆ ಅಚ್ಚುಮೆಚ್ಚಿನ ಗುಡಿಯೇ. ಆದರೆ ಭಾನುವಾರ ಬೆಳಗ್ಗೆ ಆ ದಾರಿಯಲ್ಲಿ ಬೆಂಗಳೂರಿನ ಸೈಕಲ್ ಗುಂಪುಗಳೇ ತುಂಬಿರುತ್ತವೆ, ಒಂಟಿಯಾಗಿ ಹೋದ ಸುಖ ಅಲ್ಲಿ ಸಿಗುವುದಿಲ್ಲ.

ಮೊದಲು ಮುಳಬಾಗಿಲು. ಸೈಕಲ್ಲಿಗೂ ಒಂದು ಲಗೇಜ್ ಟಿಕೆಟ್ ತೆಗೆಸಿ, ಬಸ್ಸಿನಲ್ಲಿ ಬೆಳಗ್ಗೆ ಬೇಗ ಇಳಿದೆ. ಅಂಚು ಗರಿಗರಿ, ನಡುವೆ ಮೆತ್ತಗಿನ ಮುಳಬಾಗಿಲು ದೋಸೆ ತಿಂದು ಹೊರಟರೆ ಆವಣಿಗೆ ಹದಿಮೂರು ಕಿಲೋಮೀಟರ್ ಆಸುಪಾಸು. ಇದರಲ್ಲಿ ಹೆದ್ದಾರಿಯ ತುಂಡು ಮಾತ್ರ ಕಷ್ಟ. ಲಾರಿಗಳು ಪಕ್ಕದಲ್ಲೇ ಹಾದುಹೋಗುವಾಗ ಹ್ಯಾಂಡಲ್ ಅದುರುತ್ತದೆ. ಅದು ಮುಗಿದರೆ ಟೊಮೆಟೊ ಹೊಲ, ನೀಲಗಿರಿ ತೋಪು, ರಾಶಿ ಹಾಕಿದಂತೆ ಕೂತ ಬಂಡೆಗಳು. ನೆರಳು ಇಲ್ಲವೆಂದೇ ಹೇಳಬೇಕು. ಹತ್ತು ಗಂಟೆಗೆಲ್ಲ ಬಿಸಿಲು ಬೆನ್ನಿಗೆ ಬಿದ್ದಿತ್ತು.

ಆವಣಿ ಒಂದೇ ಗುಡಿಯಲ್ಲ. ಪ್ರಾಕಾರದೊಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ಅಣ್ಣತಮ್ಮಂದಿರ ಹೆಸರಿನ ಗುಡಿಗಳು ಒಟ್ಟಿಗೆ ನಿಂತಿವೆ. ಎಲ್ಲಕ್ಕಿಂತ ಚೆಂದ ಲಕ್ಷ್ಮಣೇಶ್ವರ. ತ್ರಿಭುವನಕರ್ತಾರ ಅನ್ನುವ ಶೈವ ಯತಿ ನಲವತ್ತು ವರ್ಷ ಈ ಸ್ಥಾನವನ್ನು ಆಳಿ, ಐವತ್ತು ದೇಗುಲ, ಎರಡು ದೊಡ್ಡ ಕೆರೆ ಕಟ್ಟಿಸಿದ ಎಂದು ಹತ್ತನೇ ಶತಮಾನದ ಶಾಸನ ಹೇಳುತ್ತದೆ. ಇದನ್ನು ಮನೆಯಲ್ಲಿ ಓದಿದ್ದಾಗ ಉತ್ಪ್ರೇಕ್ಷೆ ಅನ್ನಿಸಿತ್ತು. ಆ ಅಂಗಳದಲ್ಲಿ ಒಂದು ಗುಡಿಯ ನೆರಳು ಇನ್ನೊಂದು ಗುಡಿಯ ಗೋಡೆ ಮೇಲೆ ಬಿದ್ದಿದ್ದನ್ನು ಕಂಡ ಮೇಲೆ ನಂಬಿದೆ.

ಹಿಂದಿನ ಬೆಟ್ಟದ ಮೇಲೆ ಸೀತೆಯ ಗುಡಿ. ಲವಕುಶರು ಹುಟ್ಟಿದ್ದು ಇಲ್ಲೇ, ವಾಲ್ಮೀಕಿ ಇದ್ದಿದ್ದು ಇಲ್ಲೇ ಎಂಬುದು ಊರವರ ನಂಬಿಕೆ. ಸೈಕಲ್ಲನ್ನು ಕೆಳಗೆ ಹೂವಿನಂಗಡಿಯ ಅಜ್ಜಿಯ ಹತ್ತಿರ ಬಿಟ್ಟೆ. ಮೊದಲು ತೆಲುಗಿನಲ್ಲಿ ಕೇಳಿದರು, ನನಗೆ ತಿಳಿಯಲಿಲ್ಲ ಅಂತ ಕನ್ನಡಕ್ಕೆ ಬಂದರು: “ಒಬ್ಬಳೇನಾ ಬಂದಿದ್ದು? ಮೇಲಕ್ಕೆ ಹೋಗು ತಾಯಿ, ಕೋತಿಗಳಿವೆ, ಚೀಲ ಇಲ್ಲೇ ಇಡು.” ನೀರಿನ ಬಾಟಲಿ ಒಂದನ್ನೇ ಹಿಡಿದು ಹತ್ತಿದೆ. ಮೇಲೆ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಇಷ್ಟು ದೂರ ಒಬ್ಬಳೇ ಬಂದಿದ್ದಕ್ಕೆ ಬಹಳ ಸಂತೋಷವಾಯಿತು.

ಮಧ್ಯಾಹ್ನ ಮುಳಬಾಗಿಲಿಗೆ ಮರಳಿ, ಕುರುಡುಮಲೆಗೆ. ಏಕಶಿಲೆಯ ಗಣಪ 13 ಅಡಿಗೂ ಎತ್ತರ, ಜನವೂ ಅಷ್ಟೇ. ನನಗೆ ಹಿಡಿಸಿದ್ದು ಪಕ್ಕದ ಸೋಮೇಶ್ವರ. ಅರ್ಧ ಜಕಣಾಚಾರಿ ಕೆತ್ತಿದ್ದು, ಅರ್ಧ ಮಗ ಡಂಕಣ ಕೆತ್ತಿದ್ದು ಎನ್ನುತ್ತಾರೆ. ಕತೆ ಹೇಗಾದರೂ ಇರಲಿ, ಎರಡು ಕೈಗಳ ವ್ಯತ್ಯಾಸ ಹುಡುಕುತ್ತಾ ಗೋಡೆ ಸುತ್ತುವುದರಲ್ಲಿ ಒಂದು ತಾಸು ಹೋಯಿತು.

ಇನ್ನು ತಿಪಟೂರು ಕಡೆ. ಚಿಕ್ಕಮ್ಮನ ಮನೆಯಲ್ಲಿ ಹಿಂದಿನ ರಾತ್ರಿ ಉಳಿದು ಆರಕ್ಕೆ ಹೊರಟೆ. ರಸ್ತೆಯ ವಿಷಯದಲ್ಲಿ ಎರಡನ್ನೂ ಹೋಲಿಸುವುದೇ ಬೇಡ. ಇಲ್ಲಿ ದಾರಿಯುದ್ದಕ್ಕೂ ತೆಂಗಿನ ತೋಟ, ಬಿದ್ದ ಗರಿಗಳ ವಾಸನೆ, ಊರೂರಿಗೂ ಕೆರೆ ಏರಿ. ಹೆದ್ದಾರಿಯ ಕಾಟ ಇಲ್ಲ. ದಾಹವಾದರೆ ತೋಟದವರನ್ನು ಕೇಳಿದರೆ ಎಳನೀರು. ಒಂಟಿ ಹೆಂಗಸನ್ನು ಕಂಡರೆ ಇಲ್ಲೂ ಪ್ರಶ್ನೆಗಳು ಬರುತ್ತವೆ, ಆದರೆ “ಯಾರ ಮನೆ ಹುಡುಗಿ?” ಎಂದು ಶುರುವಾಗಿ “ತಿಂಡಿ ಆಯ್ತಾ?” ಎಂದು ಮುಗಿಯುತ್ತವೆ.

ಕಲ್ಲೇಶ್ವರಕ್ಕೆ ಬೀಗ ಹಾಕಿತ್ತು. ಅರ್ಚಕರು ತೋಟದಿಂದ ಬರುವ ತನಕ ಮುಕ್ಕಾಲು ಗಂಟೆ ಜಗಲಿಯಲ್ಲಿ ಕಾದೆ. ಆವಣಿಯಲ್ಲಿ ಈ ತೊಂದರೆ ಇರಲಿಲ್ಲ, ಅಂಗಳ ತೆರೆದೇ ಇತ್ತು. ಆದರೆ ಬಾಗಿಲು ತೆಗೆದು ಒಳಗೆ ಹೋಗಿ, ಅರ್ಚಕರನ್ನು ಕೇಳಿಕೊಂಡು ನವರಂಗದ, ಅಂದರೆ ಕಂಬಗಳ ನಡುಮಂಟಪದ, ತಣ್ಣನೆ ನೆಲದ ಮೇಲೆ ಅಂಗಾತ ಮಲಗಿದಾಗ ಆ ಮುಕ್ಕಾಲು ಗಂಟೆ ಮರೆತೇಹೋಯಿತು. ನಡುವಿನ ಶಿವನ ಮಂಡಿ ಮಡಿಚಿದೆ, ಕೈಗಳು ಬೀಸಿವೆ. ವಾಹನಗಳ ಮೇಲೆ ಕೂತ ದಿಕ್ಪಾಲಕರಿಗೂ ಆ ತಾಳ ತಾಗಿದಂತಿದೆ. ಆವಣಿಯ ಉಮಾಮಹೇಶ್ವರನ ಎದುರು ಶಾಂತವಾಗಿ ನಿಲ್ಲುತ್ತೇವೆ, ಇಲ್ಲಿ ಕಣ್ಣು ಒಂದೆಡೆ ನಿಲ್ಲುವುದೇ ಇಲ್ಲ. ಒಳಚಾವಣಿ ಒಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಅರಳಗುಪ್ಪೆಗೇ ನನ್ನ ಓಟು, ಎರಡು ಮಾತಿಲ್ಲ.

ಅದೇ ಊರಿನಲ್ಲಿ ಹೊಯ್ಸಳರ ಚೆನ್ನಕೇಶವವೂ ಇದೆ. ಗೋಡೆಯ ವಿಗ್ರಹಗಳ ಕೆಳಗೆ ಹೊನೋಜ ಎಂಬ ಶಿಲ್ಪಿ ತನ್ನ ಹೆಸರು ಕೊರೆದಿದ್ದಾನೆ. ಬಳಪದ ಕಲ್ಲಿನಲ್ಲಿ ಆಭರಣದ ಒಂದೊಂದು ಮಣಿಯನ್ನೂ ಬಿಡಿಸುವ ಈ ಕೈಚಳಕಕ್ಕೆ ಆವಣಿಯ ಗಟ್ಟಿ ಕಲ್ಲು ಜಗ್ಗುವಂಥದ್ದಲ್ಲ. ಹಾಗಾಗಿ ಆ ಎರಡನ್ನು ತೂಗಿ ನೋಡುವುದು ಸರಿಯಲ್ಲ.

ತುರುವೇಕೆರೆಯಲ್ಲಿ ಗಂಗಾಧರೇಶ್ವರದ ನುಣುಪಾದ ಕರೀ ನಂದಿ ನೋಡಿ, ನಾಗಲಾಪುರಕ್ಕೆ ಹೋಗಿಬಂದೆ. ಹಾಳುಬಿದ್ದ ಗುಡಿ ನೋಡಲೇಬೇಕು ಅನ್ನುವವರಿಗೆ ಎರಡೂ ಸುತ್ತಿನಲ್ಲಿ ಇದೇ ನಿಜವಾದ ಜಾಗ. ಕೇದಾರೇಶ್ವರ, ಚೆನ್ನಕೇಶವ, ಎರಡಕ್ಕೂ ಶಿಖರ ಉಳಿದಿಲ್ಲ. ಇಂಥ ಕೆತ್ತನೆ ಹೀಗೆ ನಿಂತಿರುವುದನ್ನು ನೋಡಿ ಸಂಕಟವಾಯಿತು. ಸುಮ್ಮನೆ ಒಂದು ಸುತ್ತು ಹಾಕಿ ಹೊರಡಲು ಆಗಲಿಲ್ಲ.

ಅಲ್ಲಿ ಹೊತ್ತು ಕಳೆದಿದ್ದಕ್ಕೆ ನೊಣವಿನಕೆರೆ ಹತ್ತಿರದ ವಿಘ್ನಸಂತೆ ಸೇರುವಾಗ ಸಂಜೆ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕರಾಗಿದ್ದ ಮೂವರು ಸಹೋದರರು 1286ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ತ್ರಿಕೂಟವನ್ನು, ಅಂದರೆ ಮೂರು ಗರ್ಭಗುಡಿಯ ದೇಗುಲವನ್ನು, ಹತ್ತೇ ನಿಮಿಷ ನೋಡಿದೆ. ತಿಪಟೂರು ಸೇರಿದಾಗ ಕತ್ತಲು, ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು.

ಒಂದೇ ದಿನ ಇರುವವರಿಗೆ, ಅದರಲ್ಲೂ ಒಂಟಿಯಾಗಿ ಮೊದಲ ಸಲ ಹೋಗುವವರಿಗೆ, ನಾನು ಅರಳಗುಪ್ಪೆಯನ್ನೇ ಹೇಳುತ್ತೇನೆ. ನೆರಳಿದೆ, ರಸ್ತೆ ಶಾಂತ, ಸುಸ್ತಾದರೆ ಬೆಂಗಳೂರು–ಅರಸೀಕೆರೆ ರೈಲು ಹಳಿಯೂ ದೂರವಿಲ್ಲ. ಒಂದು ಕಡೆ ಕೂತು ಇಡೀ ದಿನ ಕಳೆಯುವ ಮನಸ್ಸಿದ್ದರೆ ಆವಣಿ. ಆಗ ಕುರುಡುಮಲೆಯನ್ನು ಇನ್ನೊಂದು ದಿನಕ್ಕಿಡಿ, ಬೆಟ್ಟವನ್ನು ಮಾತ್ರ ಬಿಡಬೇಡಿ. ಎರಡು ಕಡೆಗೂ ಹೆಚ್ಚಿಗೆ ಟ್ಯೂಬ್ ಇರಲಿ, ಜಾಲಿ ಮುಳ್ಳು ಎಲ್ಲ ಕಡೆಯೂ ಇದೆ.

ಕಲ್ಲೇಶ್ವರಕ್ಕೆ ಒಂದು ಟಾರ್ಚ್ ಒಯ್ಯಿರಿ. ನೇರ ಮೇಲಕ್ಕೆ ಬಿಡದೆ ಓರೆಯಾಗಿ ಹಿಡಿಯಿರಿ. ಕುಣಿವ ಶಿವನ ಕಾಲಿನ ನೆರಳು ಕಲ್ಲಿನ ಮೇಲೆ ಏಳುವುದು ಆಗ.